ಬಿಸಿಲಿಗೆ ಒಡ್ಡಿದ ಮೊಣಕಾಲು

ಮೊಣಕಾಲು ಚಿಕಿತ್ಸಾ ಶಿಬಿರಗಳ ಮೇಲ್ವಿಚಾರಣಾಧಿಕಾರಿಗಳೇ,

ಮಾನ್ಯರೇ, ತಮ್ಮ ಫಲಕವನ್ನು ನಂಬಿ ನನ್ನ ನೆರೆಮನೆಯ ದುರುಗಮ್ಮ ತನ್ನ ಬಲ ಮೊಣಕಾಲನ್ನು ಸುಟ್ಟುಕೊಂಡಿದ್ದಾಳೆ. ಈ ಪತ್ರದ ವಿಷಯ ಇಷ್ಟೇ.

ರಾಯಚೂರು, ದೇವದುರ್ಗಗಳನ್ನು ಮುಗಿಸಿ ಜ್ಯೇಷ್ಠದಲ್ಲಿ ಮಾನ್ವಿಗೆ ಬಂದ ತಮ್ಮ ಶಿಬಿರದ ಬಾಗಿಲಲ್ಲಿ ಒಂದು ಚಿತ್ರಫಲಕ ತೂಗುತ್ತಿತ್ತು: ಮೇಲೆ ನಗುವ ಸೂರ್ಯ, ಕೆಳಗೆ ಬರಿಯ ಮೊಣಕಾಲು, ನಡುವೆ ಹಳದಿ ಕಿರಣಗಳು. "ಬಿಸಿಲೇ ಡಿ ಜೀವಸತ್ವ, ಬಿಸಿಲೇ ಮೊಣಕಾಲಿಗೆ ಮದ್ದು." ಅದರ ಕಾಗುಣಿತದ ತಪ್ಪುಗಳನ್ನು ಕ್ಷಮಿಸಿದ್ದೇನೆ, ಅರ್ಥವನ್ನು ಕ್ಷಮಿಸಲಾರೆ.

ಜೀವಮಾನವೆಲ್ಲ ಕೊಡೆಯ ಕೆಳಗೆ ನಡೆದ ನನಗೆ ಅಲ್ಲಿ ಕೇಳದೆಯೇ ರಕ್ತಪರೀಕ್ಷೆಯಾಯಿತು. ನನ್ನ ಹಿಂದೆಯೇ ನಿಂತಿದ್ದ, ಭತ್ತದ ನಾಟಿಯಲ್ಲಿ ಕೀಲು ಸವೆಸಿಕೊಂಡ ದುರುಗಮ್ಮನಿಗೆ ತಮ್ಮ ವೈದ್ಯರು ಹೇಳಿದ್ದು ಹೀಗೆ: "ಯವ್ವಾ, ದಿನಾ ಬಿಸಿಲಾಗ ದುಡಿಯಾಕಿ ನೀನು, ನಿನಗ್ಯಾಕ ಪರೀಕ್ಷೆ? ಊರಿಗೆಲ್ಲ ಹಂಚೋವಷ್ಟು ಡಿ ಅದ ನಿನ್ನ ಮೈಯಾಗ!" ಸಾಲೆಲ್ಲ ನಕ್ಕಿತು. ಆಕೆಯೂ ನಕ್ಕಳು. ಮೊಣಕಾಲನ್ನು ಮಾತ್ರ ಯಾರೂ ಮುಟ್ಟಿ ನೋಡಲಿಲ್ಲ.

ಮಾನ್ಯರೇ, ತಾವು ಎಂದಾದರೂ ನಾಟಿಯ ಹೆಂಗಸರನ್ನು ಕಂಡಿದ್ದೀರಾ? ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ, ತಲೆಗೂ ಕೆನ್ನೆಗೂ ಬಿಗಿದ ವಸ್ತ್ರ, ಕೈಕಾಲು ಕೆಸರಿನೊಳಗೆ. ಸೂರ್ಯನಿಗೆ ಸಿಗುವುದು ಕಣ್ಣುಗಳಷ್ಟೇ. ಬಿಸಿಲಿನಲ್ಲಿರುವುದೂ ಬಿಸಿಲು ಮೈಗೆ ತಾಗುವುದೂ ಒಂದೇ ಎಂದು ಯಾವ ಶಾಸ್ತ್ರ ಹೇಳುತ್ತದೆ? ಈ ಜೀವಸತ್ವದ ಕೊರತೆಗೂ ಮೊಣಕಾಲಿನ ಸವೆತಕ್ಕೂ ನಂಟಿದೆಯೆಂದು ಕೆಲವು ಅಧ್ಯಯನಗಳು ಸೂಚಿಸುತ್ತವೆ, ಆದರೆ ಕೊರತೆ ನೀಗಿದ ಮಾತ್ರಕ್ಕೆ ಸವೆದ ಕೀಲು ಸರಿಹೋಗುತ್ತದೆಂಬುದು ಸಿದ್ಧಪಟ್ಟಿಲ್ಲ ಎಂದು ಅದೇ ವೈದ್ಯರು ನನಗೆ ತಾಳ್ಮೆಯಿಂದ ವಿವರಿಸಿದರು. ನನಗೆ ದೊರೆತ ವಿವರಣೆ ಆಕೆಗೆ ನಗೆಚಾಟಿಕೆಯಾಗಿ ದೊರೆತದ್ದೇಕೆ?

ವಿವರಿಸುವವರಿಲ್ಲದಾಗ ಮನುಷ್ಯರು ತಾವೇ ತರ್ಕಿಸುತ್ತಾರೆ. ಮರುವಾರ ನಡುಹಗಲಿನಲ್ಲಿ ಆಕೆ ಅಂಗಳದ ಬಂಡೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಮೈಯೆಲ್ಲ ಸೆರಗು, ಎಣ್ಣೆ ಸವರಿದ ಮೊಣಕಾಲೊಂದು ಬಯಲು.

"ಇದೇನವ್ವಾ ದುರುಗಮ್ಮಾ?" ಎಂದೆ.

"ಮೈತುಂಬ ಡಿ ಅದ ಅಂದಾರ್ರೀ ಮಾಸ್ತರ. ಮಣಕಾಲು ಮಾತ್ರ ಸೀರಿಯಾಗ, ಕೆಸರಾಗ ಮುಚ್ಚಿಕೊಂಡಿರ್ತದ. ಅಲ್ಲಿಗೆ ಬಿಸಿಲು ಮುಟ್ಟಿಲ್ಲ, ಅದಕ್ಕ ನೋಯ್ತದ. ಆ ಫೋಟೋದಾಗೂ ಹಿಂಗ ಅದಲ್ರೀ?"

ಚರ್ಮದಲ್ಲಿ ಹುಟ್ಟುವ ಜೀವಸತ್ವ ರಕ್ತದೊಡನೆ ಮೈಯೆಲ್ಲ ಹರಿಯುತ್ತದೆ, ಕೀಲನ್ನೇ ಕಾಯಿಸಬೇಕಿಲ್ಲ ಎಂದೆ. ತಮ್ಮ ಚಿತ್ರದ ಮುಂದೆ ನನ್ನ ಮಾತು ನಿಲ್ಲಲಿಲ್ಲ. "ನೀವು ಕನ್ನಡ ಮಾಸ್ತರ್ರು, ಡಾಕ್ಟರ್ ಅಲ್ಲಲ್ರೀ" ಎಂದು ನಕ್ಕಳು. ಕೆಲವೇ ದಿನಗಳಲ್ಲಿ ಬೊಬ್ಬೆಗಳೆದ್ದವು, ಒಡೆದು ಕೀವುಗಟ್ಟಿದವು.

ಇನ್ನೇನು ಕಾಲುವೆಗೆ ನೀರು ಬರಲಿದೆ. ನಾಟಿಯ ಗುಂಪು ಕಟ್ಟುವ ಬೂದೆಮ್ಮ ನಿನ್ನೆ ಆಕೆಯ ಬಾಗಿಲಲ್ಲಿ ನಿಂತು, "ಬಗ್ಗಾಕ ಬರಲಾರದಾಕಿನ್ನ ಕರ್ಕೊಂಡು ಹೋಗಿ ಬದುವಿನ ಮ್ಯಾಲ ಕುಂದ್ರಿಸ್ಲೇನಬೇ?" ಎಂದು ಹೊರಟುಹೋದಳು. ಎಲ್ಲಕ್ಕೂ ನಗುವ ದುರುಗಮ್ಮ ನಿನ್ನೆ ನಗಲಿಲ್ಲ.

ಆದುದರಿಂದ ಆ ಚಿತ್ರವನ್ನು ಇಳಿಸಿ. ಬಿಸಿಲಿನಲ್ಲಿ ದುಡಿಯುವರೆಂಬ ಕಾರಣಕ್ಕೆ ಯಾರನ್ನೂ ಪರೀಕ್ಷಿಸದೆ ಕಳುಹಿಸಬೇಡಿ. ತಮ್ಮ ವೈದ್ಯರು ಮಾನ್ವಿಗೆ ಮರಳಿ ಬಂದು, ಆಕೆಯ ಕೀಲನ್ನು ಮುಟ್ಟಿ ನೋಡಿ, ನನಗೆ ಹೇಳಿದ್ದನ್ನೇ ಆಕೆಗೂ ಹೇಳಲಿ. ತಡಮಾಡಬೇಡಿ. ಇಂದು ಮಧ್ಯಾಹ್ನ ಆಕೆ ಮತ್ತೆ ಬಂಡೆಯ ಮೇಲಿದ್ದಳು. ಬಲಗಾಲಿಗೆ ಬಟ್ಟೆ ಸುತ್ತಿತ್ತು, ಎಣ್ಣೆ ಸವರಿದ ಎಡ ಮೊಣಕಾಲು ಬಯಲಾಗಿತ್ತು.

"ಇದು ಕೆಟ್ಟೋತ್ರೀ ಮಾಸ್ತರ," ಎಂದಳು. "ಎಡಗಾಲರ ಉಳಿಸ್ಕೋತೀನಿ."

ಇಂತಿ,
ನೆರಳಿನಲ್ಲಿ ಕುಳಿತೇ ಇದನ್ನು ಬರೆದ,
ಹಂಪಣ್ಣ, ನಿವೃತ್ತ ಕನ್ನಡ ಶಿಕ್ಷಕ, ಮಾನ್ವಿ