ಅರ್ಧಕ್ಕೆ ನಿಂತ ಪಾಠ

ಮನೆಯಿಂದ, ಹತ್ತನೇ ತಾರೀಖು, ಭಾನುವಾರ ಸಂಜೆ

ಪ್ರೀತಿಯ ಪುಟ್ಟೀ,

ನಾನೇನೋ ಹೇಳಹೊರಟಿದ್ದೆ, ಅಷ್ಟರಲ್ಲಿ ನೀನು ಅಳುತ್ತಾ ಫೋನ್ ಇಟ್ಟುಬಿಟ್ಟೆ. ಕೆಮ್ಮು ಹೇಗಿದೆ? ಹಾಸ್ಟೆಲ್ಲಿನಲ್ಲಿ ಬಿಸಿನೀರು ಕೊಡುತ್ತಾರೋ ಇಲ್ಲವೋ? ನಾನು ಆರಾಮ, ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಇನ್ನು ಟೀಚರ್ ಟ್ರೇನಿಂಗ್ ಬಿಟ್ಟೇಬಿಡುತ್ತೇನೆ ಎಂದೆಯಲ್ಲ, ಆ ಮಾತಿಗೆ ಬರುತ್ತೇನೆ.

ಪ್ರಾಕ್ಟೀಸ್ ಪಾಠಕ್ಕೆಂದು ನಮ್ಮ ಬೀದಿಯ ಶಾಲೆಗೇ ಬಂದು ಬಾಲಕಾರ್ಮಿಕರ ವಿಷಯ ತೆಗೆದುಕೊಂಡೆ. ‘ಯಾರ್ಯಾರು ಕೆಲಸ ಮಾಡ್ತೀರಿ, ಕೈ ಎತ್ತಿ’ ಎಂದೆ. ನಮ್ಮ ಎದುರಿನ ಇಸ್ತ್ರಿಯವನ ಮಗಳು ಎಲ್ಲರಿಗಿಂತ ಮೊದಲು, ಹೆಮ್ಮೆಯಿಂದಲೇ ಎತ್ತಿದಳಂತೆ. ‘ಮಕ್ಕಳನ್ನು ದುಡಿಸುವುದು ಅಪರಾಧ’ ಎಂದು ನೀನು ಬೋರ್ಡಿನ ಮೇಲೆ ಬರೆಯುವುದಕ್ಕೂ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು. ನಿಮ್ಮ ಮೇಡಂ ‘ಟೈಮ್ ಮ್ಯಾನೇಜ್‌ಮೆಂಟ್ ಪೂರ್’ ಎಂದು ಬರೆದು ಎದ್ದರು. ಮಗು ಮಾತ್ರ ಆ ಒಂದು ವಾಕ್ಯವನ್ನೇ ಹೊತ್ತುಕೊಂಡು ಮನೆಗೆ ಹೋಯಿತು. ಶಾಲೆಗೆ ಹೋದರೆ ಅಪ್ಪನನ್ನು ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ ಅಂತ ಅವತ್ತಿನಿಂದ ಆ ಕಡೆ ತಲೆ ಹಾಕಿಲ್ಲ. ಇಂಥದ್ದಕ್ಕೆ ಕಾಲೇಜಿನಲ್ಲಿ ಒಂದು ಇಂಗ್ಲಿಷ್ ವಾಕ್ಯ ಕಲಿತಿದ್ದೆ, ‘ಅನ್‌ಫಾರ್ಚುನೇಟ್ಲಿ’ ಅಂತ ಶುರುವಾಗುತ್ತದೆ, ಮುಂದಿನದು ಮರೆತಿದೆ.

ಇಸ್ತ್ರಿಯವನೂ ಮುಖ ಗಂಟಿಕ್ಕಿಕೊಂಡ. ನನ್ನ ಬಟ್ಟೆ ಕೊಟ್ಟ ಹಾಗೆಯೇ ವಾಪಸು. ಮುದುರಿದ ಅಂಗಿಯಲ್ಲೇ ಬ್ಯಾಂಕು, ಆಸ್ಪತ್ರೆ, ಒಂದು ಮದುವೆ ಮನೆ ಕೂಡ. ನಿಮ್ಮಮ್ಮ ಇದ್ದಿದ್ದರೆ ‘ಎಮ್ಮೆ ಅಗಿದು ಉಗಿದ ಹಾಗಿದೀರಿ’ ಎನ್ನುತ್ತಿದ್ದಳು.

ಇವತ್ತು ಬೆಳಿಗ್ಗೆ ಹೋಗಿ ಅವನ ಸ್ಟೂಲಿನ ಮೇಲೆ ಕೂತೇಬಿಟ್ಟೆ. ‘ಏನ್ ಸಾರ್, ಜಡ್ಜ್ ಸಾಹೇಬ್ರು ಇಲ್ಲೀವರೆಗೂ ಬಂದ್ರಾ?’ ಎಂದ. ‘ಅಂಗಿ ನೋಡಯ್ಯಾ, ಶಿಕ್ಷೆ ಆಗಿರೋದು ನನಗೆ’ ಎಂದೆ. ನಕ್ಕುಬಿಟ್ಟ. ನಕ್ಕ ಮೇಲೆ ಮಾತು ಬಂತು. ಹೆಂಡತಿ ಬೆನ್ನುನೋವಿನಿಂದ ಹಾಸಿಗೆ ಹಿಡಿದ ಮೇಲೆ ಮಗಳೇ ಬೆಳಿಗ್ಗೆ ಬಟ್ಟೆ ಮಡಿಸಿ, ಮನೆಮನೆಗೆ ಕೊಟ್ಟು, ತಡವಾಗಿ ಶಾಲೆಗೆ ಓಡುತ್ತಿದ್ದಳಂತೆ. ಈಗ ಇಡೀ ದಿನ ಕೆಂಡದ ಪೆಟ್ಟಿಗೆಯ ಪಕ್ಕ. ಅವಳ ಮೊಣಕೈ ಮೇಲೆ ಹೊಸದೊಂದು ಸುಟ್ಟ ಗಾಯ. ‘ನನಗೇನ್ ಆಸೇನಾ ಸಾರ್’ ಎಂದವನು ಆ ಕಡೆ ನೋಡಲಾರದೆ ಕೆಂಡ ಕೆದಕುತ್ತಾ ನಿಂತ.

ನೀನು ಹೇಳಿದ್ದು ಸುಳ್ಳಲ್ಲ ಪುಟ್ಟಿ, ಆ ಗಾಯವೇ ಹೇಳುತ್ತದೆ. ಕೈ ಎತ್ತಿಸಬಾರದಿತ್ತು, ಅಷ್ಟೇ. ಎಲ್ಲರೆದುರು ಎತ್ತಿದ ಕೈಯನ್ನು ಆ ಮಗು ಹೇಗೆ ಇಳಿಸಬೇಕು ಹೇಳು? ಈ ತಪ್ಪನ್ನು ತಾನೇ ಕಂಡುಕೊಂಡು ಅತ್ತವಳು ನೀನು. ನೀನೇ ಬಿಟ್ಟು ಬಂದರೆ, ಕಂಡುಕೊಳ್ಳದವರು ಪಾಠ ಮಾಡುತ್ತಾರೆ.

ಬೆಳಕು ಹೋಗುತ್ತಿದೆ, ನನ್ನ ಅಕ್ಷರ ನನಗೇ ಕಾಣುತ್ತಿಲ್ಲ. ಹೊಟ್ಟೆ ತುಂಬ ಉಣ್ಣು, ತಣ್ಣಗಿರು.

ನಿನ್ನ
ಅಪ್ಪ

ಮರೆತಿದ್ದೆ: ನಾಳೆಯಿಂದ ಅವಳು ಶಾಲೆಗೆ ಹೋಗುತ್ತಾಳೆ. ಬಟ್ಟೆ ಮುಟ್ಟಿಸುವ ಕೆಲಸ ಇನ್ನು ನನ್ನದು. ಮಹಡಿಯವರು ಇಳಿದು ಬಂದು ತೆಗೆದುಕೊಳ್ಳಲಿ. ನಾನು ಹೊರಟಾಗ ಬಾಗಿಲ ಹಿಂದಿನಿಂದ ಕೇಳಿದಳು, ‘ತಾತಾ, ಅಪರಾಧ ಅಂತ ಬರೆದ್ಮೇಲೆ ಟೀಚರಕ್ಕ ಇನ್ನೇನೋ ಬರೆಯಕ್ಕೆ ಕೈ ಎತ್ತಿದ್ರು, ಗಂಟೆ ಹೊಡೀತು. ಏನದು?’ ನನಗೇನು ಗೊತ್ತು! ಬಂದು ಹೇಳ್ತಾಳೆ ಎಂದುಬಿಟ್ಟಿದ್ದೇನೆ.