ನಾವಿಕನ ಸಾವಿನ ಚೀಟಿ

ಲೋಮ್,
ಅಕ್ಟೋಬರ್ ೬

ಮುದ್ದಿನ ನೆವೆನಾ,

ಹನ್ನೊಂದು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಫೋನ್ ಎತ್ತದೆ ಇರುವುದು ಸುಲಭ. ಕಾಗದವನ್ನು ಹರಿದು ಹಾಕುವ ಮೊದಲು ಒಂದೆರಡು ಸಾಲಾದರೂ ಕಣ್ಣಿಗೆ ಬೀಳುತ್ತವೆ, ನಿನ್ನ ಸ್ವಭಾವ ನನಗೆ ಗೊತ್ತು. ಪ್ಲೋವ್ದಿವ್‌ನಲ್ಲಿ ಆಗಲೇ ಚಳಿ ಶುರುವಾಗಿದೆಯಂತೆ. ಆಸ್ಪತ್ರೆಯ ಕೆಲಸಕ್ಕೆ ಹೋಗುವಾಗ ಉಣ್ಣೆಯ ಕಾಲುಚೀಲ ಹಾಕಿಕೋ. ಇದನ್ನು ಕೋಪದಲ್ಲಿದ್ದರೂ ಮಾಡಬಹುದು.

ನಿನ್ನ ಕೊನೆಯ ಸಂದೇಶ ನನ್ನ ಫೋನಿನಲ್ಲಿ ಹಾಗೇ ಇದೆ. "ಪುಸ್ತಕದಲ್ಲಿ ಸಾಯಿಸಿದ್ದು ಸಾಲ್ದು ಅಂತ ಈಗ ಊರಲ್ಲೂ ಸಾಯಿಸಿದ್ಯಾ? ಅಪ್ಪ ಸತ್ತಿಲ್ಲ. ಇನ್ನು ಆ ಮನೆಗೆ ನಾನು ಕಾಲಿಡಲ್ಲ." ದಿನಕ್ಕೆ ನಾಲ್ಕು ಸಲ ಓದುತ್ತೇನೆ. ನಿನಗೆ ಯಾರು ಏನು ಹೇಳಿದರೋ ಗೊತ್ತಿಲ್ಲ. ನಡೆದದ್ದನ್ನು ನಾನೇ ಹೇಳುತ್ತೇನೆ. ಆಮೇಲೂ ಬರುವುದಿಲ್ಲ ಎಂದರೆ ಬೇಡ, ನಾನೇನು ಮಾಡಲು ಸಾಧ್ಯ?

ಮೊದಲ ಪುಸ್ತಕ ಹೇಗೆ ಹುಟ್ಟಿತು ಎಂಬುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಿನ್ನಪ್ಪ ಸರಕು ದೋಣಿಯಿಂದ ಕಾಣೆಯಾಗಿ ಎರಡು ವರ್ಷವಾಗಿತ್ತು. ಡ್ಯಾನ್ಯೂಬ್ ನದಿ ಅವನ ಟೋಪಿಯನ್ನೂ ಹಿಂದಕ್ಕೆ ಕೊಟ್ಟಿರಲಿಲ್ಲ. ಗ್ರಂಥಾಲಯದಲ್ಲಿ ಓದುಗರು ಬಾರದ ಮಧ್ಯಾಹ್ನಗಳಲ್ಲಿ, ಒಲೆಯ ಪಕ್ಕ ಕುಳಿತು, ರಕ್ತಪಿಶಾಚಿಯಾದ ಒಬ್ಬ ನಾವಿಕನ ಪ್ರೇಮಕಥೆ ಬರೆದೆ. ಪೆನ್ಕಾ ಸ್ತಾಮೆನೋವಾ ಎಂಬ ಗ್ರಂಥಾಲಯದ ಹೆಂಗಸು ಬರೆದದ್ದನ್ನು ಯಾರು ಕೊಳ್ಳುತ್ತಾರೆ? ಅದಕ್ಕೆ ಇಸೋಲ್ಡಾ ವೆರ್ನ್ ಆದೆ. ನಾವಿಕನಿಗೆ ಹೆಸರಿಡಲಿಲ್ಲ. ಅಂಥವರನ್ನು ಹೆಸರು ಹಿಡಿದು ಕರೆದರೆ ಬಂದೇ ಬಿಡುತ್ತಾರೆ ಎಂದು ನನ್ನಜ್ಜಿ ಹೇಳುತ್ತಿದ್ದಳು. ಹರಿಯುವ ನೀರನ್ನು ಅವನು ದಾಟಲಾರ. ಹಾಗಾಗಿ ನಮ್ಮ ದಡದಲ್ಲೇ ಉಳಿದು ಪ್ರತಿ ಸಂಜೆ ಕಥಾನಾಯಕಿ ಕಲಿನಾಳನ್ನು ನೋಡಲು ಬರುತ್ತಾನೆ. ಗಂಡಸು ಎಲ್ಲಿಗೂ ಹೋಗದಂಥ ಕಥೆ ಬೇಕಿತ್ತು ನನಗೆ, ಅಷ್ಟೇ.

ಮುಖಪುಟಕ್ಕೆ ಅಪ್ಪನ ಫೋಟೋ ಕೊಡೋಣ ಎಂದವಳು ನೀನು. ಅವನ ಇಪ್ಪತ್ತೆಂಟನೇ ವಯಸ್ಸಿನದು, ಕಾಲರ್ ಎತ್ತಿಕೊಂಡು ದೋಣಿಯ ಮೇಲೆ ನಿಂತದ್ದು. ಚಿತ್ರಕಾರ ಮುಖಕ್ಕೆ ಬಿಳಿ ಬಳಿದು ಕಣ್ಣಿಗೆ ಕೆಂಪು ಹಾಕಿದ. "ಎಲ್ಲಾದ್ರೂ ಅಂಗಡೀಲಿ ತನ್ನನ್ನೇ ನೋಡ್ಕೊಂಡು ನಗ್ತಾ ನಗ್ತಾ ಬಂದ್ಬಿಡ್ತಾನೆ ನೋಡಮ್ಮ" ಎಂದೆ ನೀನು. ಆಗ ನಿನಗೆ ಹತ್ತೊಂಬತ್ತು. ನಾನೂ ನಂಬಿದೆ.

ಎರಡನೇ ಪುಸ್ತಕದಲ್ಲಿ ನಾವಿಕನನ್ನು ದೋಣಿ ಹತ್ತಿಸಿದೆ. ನಡು ನದಿಯಲ್ಲಿ ಸೂರ್ಯ ಹುಟ್ಟುತ್ತಾನೆ, ನಾವಿಕ ಮುಳುಗುತ್ತಾನೆ, ಕಲಿನಾ ದಡದಲ್ಲಿ ನಿಂತು ಸುಮ್ಮನೆ ನೋಡುತ್ತಾಳೆ. ಯಾಕೆ ಹಾಗೆ ಬರೆದೆ ಎಂದು ಎಲ್ಲರೂ ಕೇಳುತ್ತಾರೆ. ನೆವೆನಾ, ಆ ಹುಡುಗಿಯನ್ನು ಮತ್ತೊಂದು ಮುನ್ನೂರು ಪುಟ ಕಿಟಕಿಯಲ್ಲಿ ಕೂರಿಸಲು ನನ್ನಿಂದ ಆಗಲಿಲ್ಲ. ಮೀನು ಕಡಿಯುವವಳಿಗೂ ಭಾನುವಾರದ ರಜೆ ಇದೆ, ಕಾಯುವವಳಿಗೆ ಅದೂ ಇಲ್ಲ.

ಜುಲೈನಲ್ಲಿ ಪುಸ್ತಕ ಬಂತು. ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ಜನ ಅಂತರ್ಜಾಲದಲ್ಲಿ ಬರೆದದ್ದನ್ನೆಲ್ಲ ಸೋಫಿಯಾದ ಪ್ರಕಾಶಕಿ ಮುದ್ರಿಸಿ, ಅಂಚೆಯಲ್ಲಿ ಬಂದ ಕಾಗದಗಳ ಜೊತೆ ಕಟ್ಟುಕಟ್ಟಾಗಿ ಕಳಿಸುತ್ತಾಳೆ. ಬುರ್ಗಾಸ್‌ನ ಒಬ್ಬಳು ಮೂರು ದಿನ ಊಟ ಬಿಟ್ಟಳಂತೆ, ಅವಳ ತಾಯಿ ನನಗೆ ಶಾಪ ಹಾಕಿದ್ದಾಳೆ. ಸ್ಲಿವೆನ್‌ನ ಒಬ್ಬಳು ಕೊನೆಯ ನಲವತ್ತು ಪುಟ ಹರಿದು, ತಾನೇ ಬೇರೆ ಬರೆದು ಕಳಿಸಿದ್ದಾಳೆ. ನಿಜ ಹೇಳಬೇಕೆಂದರೆ ನನ್ನದಕ್ಕಿಂತ ಅವಳದೇ ಚೆನ್ನಾಗಿದೆ. ರೂಸೆಯ ನಿವೃತ್ತ ಗಣಿತ ಮೇಷ್ಟ್ರೊಬ್ಬರು, ಮೊದಲ ಪುಸ್ತಕದ ನೂರ ನಲವತ್ತೇಳನೇ ಪುಟದಲ್ಲಿ ನೀರು ದಾಟಲಾರ ಎಂದಿದ್ದೀರಿ, ಹಾಗಿದ್ದ ಮೇಲೆ ದೋಣಿ ಹತ್ತಿದ ಗಳಿಗೆಯಲ್ಲೇ ಸಾಯಬೇಕಿತ್ತು, ನಡು ನದಿಯ ತನಕ ಹೇಗೆ ಹೋದ ಎಂದು ನಕ್ಷೆ ಬರೆದು ಕೇಳಿದ್ದಾರೆ. ಇನ್ನೊಬ್ಬಳು, "ಸೊನ್ನೆ ನಕ್ಷತ್ರ ಕೊಡೋಕೆ ಬಿಡಲ್ಲ, ಅದಕ್ಕೆ ಒಂದು ಕೊಟ್ಟಿದ್ದೀನಿ, ಬೀಗಬೇಡ" ಎಂದು ಬರೆದಿದ್ದಾಳೆ.

ದೂರದವರ ಮಾತು ಹಾಗಿರಲಿ. ನಮ್ಮ ಬೇಕರಿಯ ರುಮ್ಯಾನಾ ಒಂದು ವಾರ ನನಗೆ ಮಾತಿಲ್ಲದೆ ಬ್ರೆಡ್ಡು ಕೊಟ್ಟಳು. ಎಂಟನೇ ದಿನ ತಡೆಯಲಾರದೆ ಕೇಳಿದಳು: "ಇಪ್ಪತ್ತು ವರ್ಷದಲ್ಲಿ ನನ್ನ ಗಂಡ ಆಡದ ಮಾತನ್ನ ನಿನ್ನ ನಾವಿಕ ಒಂದೇ ಪುಟದಲ್ಲಿ ಆಡ್ತಿದ್ದ. ನಿಂಗೇನು ಕೇಡು ಮಾಡಿದ್ದ ಅವನು, ಹೇಳು?" ಹಿಂದೆ ಸಾಲಿನಲ್ಲಿ ಆರು ಜನ ನಿಂತಿದ್ದರು. ಒಬ್ಬರೂ ನನ್ನ ಪರ ವಹಿಸಲಿಲ್ಲ. ಬ್ರೆಡ್ಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಂದುಬಿಟ್ಟೆ.

ಪ್ರಕಾಶಕಿಗೆ ಮೂರನೇ ಪುಸ್ತಕ ಬೇಕು, ನಾವಿಕ ಬದುಕಿ ಬರಬೇಕು. "ಅವನು ರಕ್ತಪಿಶಾಚಿ ಕಣ್ರೀ ಪೆನ್ಕಾ! ಸತ್ತೇ ಇರೋನು. ಎಬ್ಬಿಸೋಕೆ ನಿಮಗೇನ್ರೀ ಕಷ್ಟ? ಒಂದು ಪ್ಯಾರಾ ಸಾಕು" ಎಂದು ಫೋನಿನಲ್ಲಿ ಬೈಯುತ್ತಾಳೆ. ಕುಳಿತೆ, ಹತ್ತೊಂಬತ್ತು ಸಲ ಕುಳಿತೆ. ಅವನನ್ನು ದಡಕ್ಕೆ ಎಳೆದು ತರುತ್ತೇನೆ, ಮಲಗಿಸುತ್ತೇನೆ, ಕಣ್ಣು ಬಿಡು ಎಂದು ಬರೆಯುತ್ತೇನೆ. ಬಿಡುವುದಿಲ್ಲ. ಅಳು ಬರುತ್ತದೆ, ಅಷ್ಟೇ ಬರುತ್ತದೆ.

ಈಗ ಆ ಚೀಟಿಯ ವಿಷಯ.

ಗ್ರಂಥಾಲಯಕ್ಕೆ ಬರುವ ಹುಡುಗಿಯರ ಗುಂಪು ನಿನಗೆ ಗೊತ್ತಲ್ಲ, ಶಾಲೆಯ ಕೊನೆಯ ವರ್ಷದವರು, ಗೆರ್ಗಾನಾ ಅವರ ನಾಯಕಿ. ಕಥೆಯಲ್ಲಿ ನಾವಿಕ ಮುಳುಗುವುದು ಆಗಸ್ಟ್ ಇಪ್ಪತ್ತರಂದು. ಸೆಪ್ಟೆಂಬರ್ ಇಪ್ಪತ್ತೆಂಟಕ್ಕೆ ಸತ್ತವರನ್ನು ನೆನೆಯುವ ನಲವತ್ತನೇ ದಿನವಾಯಿತು ಎಂದು ಲೆಕ್ಕ ಹಾಕಿ, ಊರಿನವರು ತಮ್ಮ ಸತ್ತವರಿಗೆ ಹಾಕಿಸುವ ಹಾಗೆಯೇ ಕಪ್ಪು ಅಂಚಿನ ಸಾವಿನ ಚೀಟಿ ಮುದ್ರಿಸಿ ಅಂಟಿಸಿಬಿಟ್ಟರು. ದೀಪದ ಕಂಬಗಳಿಗೆ, ಬಸ್ ನಿಲ್ದಾಣಕ್ಕೆ, ಬಂದರಿನ ಗೇಟಿಗೆ, ನಮ್ಮ ಕಟ್ಟಡದ ಬಾಗಿಲಿಗೆ. ಮಧ್ಯದಲ್ಲಿ ಮುಖಪುಟದ ಮುಖ, ಕಪ್ಪು ಬಿಳುಪಿನಲ್ಲಿ. ಬಣ್ಣ ಹೋದ ಮೇಲೆ ಕೆಂಪು ಕಣ್ಣೂ ಹೋಯಿತು. ಉಳಿದದ್ದು ನಿನ್ನಪ್ಪ. ಕೆಳಗೆ, "ನಲವತ್ತು ದಿನ. ನಮ್ಮ ಪ್ರೀತಿಯ ನಾವಿಕನೇ, ನದಿ ನಿನ್ನನ್ನು ಕೊಂಡೊಯ್ದಿತು. ನಿನ್ನನ್ನು ಮರೆಯದ ಓದುಗರು."

ನಮ್ಮೂರ ಮುದುಕರು ಬೆಳಗಿನ ಕಾಫಿಗೂ ಮೊದಲು ಕಂಬದ ಚೀಟಿಗಳನ್ನು ಓದುವವರು. ರಕ್ತಪಿಶಾಚಿಯ ಪುಸ್ತಕ ಅವರೇನು ಕಂಡಿದ್ದಾರೆ? ಅವರು ಕಂಡದ್ದು ನಿನ್ನಪ್ಪ ಕಾಮೆನ್‌ನ ಮುಖ, ನದಿ, ನಾವಿಕ. ನಾನು ಗ್ರಂಥಾಲಯದವಳಾದ್ದರಿಂದ ಓದುಗರು ಸೇರಿ ಹಾಕಿಸಿದ್ದಾರೆ ಎಂದುಕೊಂಡರು. ಏಳು ವರ್ಷದ ಹಿಂದೆ ಹೋದವನಿಗೆ ಈಗೇಕೆ ನಲವತ್ತು ದಿನ ಎಂದು ಯಾರೂ ಲೆಕ್ಕ ಹಾಕಲಿಲ್ಲ.

ಮೊದಲು ಬಂದವಳು ಮೂರನೇ ಮಹಡಿಯ ತ್ಸೋನಾ ಅಜ್ಜಿ. ಕೈಯಲ್ಲಿ ಸತ್ತವರ ಹೆಸರಿನಲ್ಲಿ ಹಂಚುವ ಬೇಯಿಸಿದ ಗೋಧಿಯ ಬಟ್ಟಲು, ಮೇಲೆ ಸಕ್ಕರೆ ಪುಡಿ. "ದೇವ್ರು ಅವನನ್ನ ಕ್ಷಮಿಸ್ಲಿ ಕಣಮ್ಮ. ಅಂತೂ ಇಂತೂ ಚೀಟಿ ಹಾಕಿಸ್ದೆ, ಒಳ್ಳೇದಾಯ್ತು. ಇಷ್ಟ್ ವರ್ಷ ಅವನ ಹೆಸರಲ್ಲಿ ಒಂದು ಮೋಂಬತ್ತಿ ಹಚ್ಚೋಣ ಅಂದ್ರೆ, ಬದುಕಿರೋರ ಕಡೆ ಹಚ್ಲೋ ಸತ್ತೋರ ಕಡೆ ಹಚ್ಲೋ ತಿಳೀದೆ ಚರ್ಚಿಂದ ಹಾಗೇ ವಾಪಸ್ ಬರ್ತಿದ್ದೆ" ಎಂದಳು. ಅಜ್ಜಿ, ಅದು ಕಥೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನಿನ್ನಪ್ಪನ ದೋಣಿಯ ಕ್ಯಾಪ್ಟನ್ ತಿಹೋಮಿರ್ ನಾಲ್ಕು ಕಾರ್ನೇಶನ್ ಹೂ ಹಿಡಿದು ಮೆಟ್ಟಿಲು ಹತ್ತಿ ಬಂದರು. ಸಮಸಂಖ್ಯೆಯ ಹೂ, ಸತ್ತವರಿಗೆ ಕೊಡುವಂಥದ್ದು. ಅವನ್ನು ತೆಗೆದುಕೊಂಡು ನೀರಿನಲ್ಲಿಟ್ಟೆ.

"ಏಳು ವರ್ಷದಿಂದ ನೀನು ಎದುರು ಬಂದ್ರೆ ಆ ಕಡೆ ರಸ್ತೆಗೆ ದಾಟ್ಕೊಂಡ್ಬಿಡ್ತಿದ್ದೆ ಪೆನ್ಕಾ" ಎಂದರು ತಿಹೋಮಿರ್. "ಸತ್ತೋರ ಮನೇಲಿ ಏನ್ ಹೇಳ್ಬೇಕು ಅಂತ ಹಿರೀರು ಕಲಿಸಿದ್ದಾರೆ. ಕಾಣೆಯಾದೋರ ಮನೇಲಿ ಏನ್ ಹೇಳೋದು?" ರಕಿಯಾ ಸಾರಾಯಿಯ ನಾಲ್ಕು ಹನಿಯನ್ನು ಸತ್ತವನ ಪಾಲೆಂದು ನೆಲಕ್ಕೆ ಚೆಲ್ಲಿ, ಉಳಿದದ್ದನ್ನು ಕುಡಿದರು. ಮಧ್ಯಾಹ್ನದ ಹೊತ್ತಿಗೆ ಅಡುಗೆಮನೆಯಲ್ಲಿ ಹದಿನೇಳು ಜನ. ರುಮ್ಯಾನಾ ಎರಡು ತಟ್ಟೆ ಚೀಸ್ ತುಂಬಿದ ಬಿಸಿ ಬನಿತ್ಸಾ ತಂದಳು. ಅವಳಿಗೆ ಪುಸ್ತಕವೂ ಗೊತ್ತು, ಚೀಟಿ ಯಾರದೆಂಬುದೂ ಗೊತ್ತು. ಆದರೂ ತಟ್ಟೆ ಇಟ್ಟು, ನನ್ನ ಭುಜ ಅದುಮಿ ಹೋದಳು.

ಆಮೇಲೆ ನಿನ್ನ ಸ್ತೊಯಾನಾ ಅತ್ತೆ ಬಂದಳು, ತಲೆಗೆ ಕಪ್ಪು ವಸ್ತ್ರ ಕಟ್ಟಿಕೊಂಡು. ಬಾಗಿಲಲ್ಲೇ ಕುಸಿದು ಕೂತಳು. "ನನ್ನ ಒಬ್ಬನೇ ತಮ್ಮ. ಬರ್ತಾನೆ ಬರ್ತಾನೆ ಅಂತ ನೀವಿಬ್ರೂ ನಂಗೆ ಅಳೋಕೂ ಬಿಡ್ಲಿಲ್ಲ" ಎಂದು ನನ್ನ ಮೊಣಕಾಲು ಹಿಡಿದು ಅತ್ತಳು. ಎಪ್ಪತ್ತರ ಹೆಂಗಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ಅವಳಿಗೆ ಏನು ಹೇಳಲಿ? ಅಕ್ಕಾ, ಎದ್ದೇಳು, ಅದು ಪುಸ್ತಕದ ನಾವಿಕ, ನಿನ್ನ ತಮ್ಮನಿಗಾಗಿ ನೀನು ಇನ್ನೂ ಅಳುವಂತಿಲ್ಲ ಎನ್ನಲೇ?

ಸುದ್ದಿ ತಿಳಿದು ಗೆರ್ಗಾನಾ ಓಡಿಬಂದಳು, ಮುಖ ಸುಣ್ಣವಾಗಿತ್ತು. "ಆಂಟಿ, ನಮಗೆ ಗೊತ್ತಿರ್ಲಿಲ್ಲ, ದೇವ್ರಾಣೆ, ಈಗ್ಲೇ ಎಲ್ಲ ಕಿತ್ತಾಕ್ತೀವಿ" ಎಂದು ಪಿಸುಗುಟ್ಟಿದಳು. ನಾನು ಅವಳ ಕೈಗೆ ಚಮಚ ಕೊಟ್ಟು, ಗೋಧಿ ತಿನ್ನು ಎಂದೆ. ಮಗಳೇ, ನನ್ನ ತಪ್ಪೇನಾದರೂ ಇದ್ದರೆ ಅದು ಅಲ್ಲಿದೆ. ಕಾಮೆನ್ ಸತ್ತ ಎಂದು ನಾನು ಯಾರಿಗೂ ಹೇಳಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ. ದೇವರು ಕ್ಷಮಿಸಲಿ ಎಂದವರಿಗೆಲ್ಲ ತಲೆಯಾಡಿಸಿದೆ. ಏಳು ವರ್ಷದಲ್ಲಿ ಮೊದಲ ಸಲ ಮನೆ ತುಂಬ ಜನರಿದ್ದರು, ನನಗೆ ಅದು ಬೇಕಾಗಿತ್ತು. ನಾಚಿಕೆಯಾಗುತ್ತದೆ ಹೇಳಲು, ಆ ದಿನ ಹಸಿವಾಗಿ ಊಟ ಮಾಡಿದೆ.

ಈಗ ಊರಿಗೆಲ್ಲ ಹೋಗಿ ಏನೆಂದು ತಿದ್ದಲಿ? ಪಾದ್ರಿ ಸತ್ತವರ ಪಟ್ಟಿಯಲ್ಲಿ ಅವನ ಹೆಸರು ಓದಿಯಾಯಿತು. ಓದುಗರಿಗೆ ನಾವಿಕ ಬದುಕಬೇಕು, ಊರಿಗೆ ಕಾಮೆನ್ ಸಾಯಬೇಕು, ನಿನಗೆ ಅವನು ಬರಬೇಕು. ನಾನು ಯಾರಿಗೆಂದು ಬರೆಯಲಿ ನೆವೆನಾ? ಒಂದು ಭಾನುವಾರ ಬಾ. ಬಂದು ಕೂಗಾಡು, ತಟ್ಟೆ ಒಡೆ. ನೀನು ಎತ್ತದ ಫೋನಿನ ಗಂಟೆ ಕೇಳಲು ನನ್ನಿಂದ ಆಗುತ್ತಿಲ್ಲ. ಅವನಂತೂ ಹೋದ, ನೀನೂ ಹೋಗಬೇಡ.

ನಿನ್ನ ದಾರಿ ನೋಡುತ್ತಿರುವ,
ಅಮ್ಮ

ಮರೆತದ್ದು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದು ಬರೆಯುತ್ತಿದ್ದೇನೆ. ಆಗಸ್ಟ್ ಕೊನೆಯಲ್ಲಿ ಪ್ರಕಾಶಕಿ ಕಳಿಸಿದ ಕಟ್ಟಿನಲ್ಲಿ ಇಸೋಲ್ಡಾ ವೆರ್ನ್ ಹೆಸರಿಗೆ ಬಂದ ಒಂದು ಓದುಗರ ಕಾಗದವಿತ್ತು. ಮೂರೇ ಸಾಲು. "ಎರಡೂ ಪುಸ್ತಕ ಓದಿದೆ. ಅವನನ್ನು ಮುಳುಗಿಸಿ ಒಳ್ಳೆಯದು ಮಾಡಿದಿರಿ. ದಯವಿಟ್ಟು ಮತ್ತೆ ಎಬ್ಬಿಸಬೇಡಿ." ಸಹಿ ಇಲ್ಲ, ವಿಳಾಸ ಇಲ್ಲ. ನಮ್ಮ ನದಿ ಹರಿದುಹೋಗುವ ದಿಕ್ಕಿನಲ್ಲಿ ದೂರದಲ್ಲಿರುವ ಬ್ರಾಯಿಲಾ ಊರಿನ ಅಂಚೆ ಮುದ್ರೆ. ಹದಿನೆಂಟು ವರ್ಷ ಒಂದೇ ಮನೆಯಲ್ಲಿ ನೋಡಿದ ಕೈಬರಹ ಅದು. ಸುಟ್ಟುಬಿಡೋಣ ಎಂದು ಎಷ್ಟೋ ಸಲ ಒಲೆಯ ಬಾಗಿಲು ತೆರೆದೆ, ಆಗಲಿಲ್ಲ. ಇದರ ಜೊತೆ ಇಟ್ಟಿದ್ದೇನೆ. ನೀನು ಹೇಳಿದ್ದೇ ನಿಜ, ಅವನು ಸತ್ತಿಲ್ಲ. ಸ್ತೊಯಾನಾ ಅತ್ತೆಗೆ ಮಾತ್ರ ಹೇಳಬೇಡ. ಅವಳು ಅತ್ತು ಹಗುರಾಗಿ ಇನ್ನೂ ಎಂಟೇ ದಿನವಾಗಿದೆ.