ಎಂಜಿನ್ನಿನ ಮೇಲಿದ್ದ ಏಳು ಅಂಕಿ

ಫ್ಲಿಂಟ್, ಮಿಶಿಗನ್
೧೪ ಅಕ್ಟೋಬರ್ ೨೦೧೯

ಮುದ್ದಿನ ಮಗಳೇ ಕೊರಿನ್,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ನೀನು ಎಷ್ಟು ಬೈದರೂ ಬೈಸಿಕೊಳ್ಳುತ್ತೇನೆ. ಬರೆಯಲು ಒಂದಾದರೂ ಒಳ್ಳೆಯ ಸುದ್ದಿ ಸಿಗಲಿ ಎಂದು ಕಾಯುತ್ತಿದ್ದೆ, ಅಷ್ಟೆ. ಸಿಗಲಿಲ್ಲ.

ನಿನ್ನ ಅಮ್ಮ ಆರೈಕೆ ಮನೆಯಲ್ಲಿ ಆರಾಮಾಗಿದ್ದಾಳೆ. ನನ್ನನ್ನು ಒಮ್ಮೊಮ್ಮೆ ಗುರುತು ಹಿಡಿಯುತ್ತಾಳೆ, ಒಮ್ಮೊಮ್ಮೆ ಕೊಳಾಯಿ ರಿಪೇರಿಯವನು ಎಂದುಕೊಳ್ಳುತ್ತಾಳೆ. ಊಟ ಮಾತ್ರ ನರ್ಸ್ ಪ್ಯಾಟ್ರಿಸ್ ಕೈಯಿಂದಲೇ ಆಗಬೇಕು, ಬೇರೆಯವರು ತಿನ್ನಿಸಿದರೆ ಬಾಯಿ ಬಿಡುವುದಿಲ್ಲ. ಅವಳನ್ನು ಅಲ್ಲೇ ಉಳಿಸಿಕೊಳ್ಳಬೇಕೆಂದೇ ನಾನು ನನ್ನ ಹಳೇ ಕಾರ್ವೆಟ್ ಕಾರು ಮಾರಲು ಹೊರಟದ್ದು.

ಬೆಲೆ ಕಟ್ಟಲು ಬಂದವರು ಲಿಂಡ್‌ಕ್ವಿಸ್ಟ್ ಎಂಬ ಹೆಂಗಸು. ಬಂದವರೇ ಕಾರಿನ ಕೆಳಗೆ ಮಲಗಿಬಿಟ್ಟರು. ೧೯೬೭ರಲ್ಲಿ ಹೊಸದಾಗಿ ಕೊಂಡಾಗಿನ ರಸೀದಿ ತೋರಿಸಿದೆ, ಮುಖ ಅರಳಿತು. ಬಾಗಿಲ ಮೇಲಿನ ಗೀರು ನೋಡಿ ಇನ್ನಷ್ಟು ಅರಳಿತು.

"ಪೇಂಟ್ ಮಾಡಿಸಿಲ್ಲ ತಾನೇ?"

"ಇಲ್ಲಮ್ಮ. ನನ್ನ ಹೆಂಡತಿ ಉಂಗುರ ತಾಗಿದ್ದು. ಮಾಡ್ಸಿ, ಮಾಡ್ಸಿ ಅಂತ ಜೀವ ತಿಂತಿದ್ಲು."

"ಸದ್ಯ, ನಿಮ್ಮ ಸೋಮಾರಿತನವೇ ಕಾಪಾಡ್ತು. ಫ್ಯಾಕ್ಟರಿ ಬಣ್ಣ ಒಂದ್ಸಲ ಹೋದ್ರೆ ಹೋಯ್ತು ಸರ್."

ಎಂಥಾ ವ್ಯಾಪಾರ ನೋಡು, ಗೀರಿಗೆ ದುಡ್ಡು! ಆಮೇಲೆ ಬಾನೆಟ್ ಎತ್ತಿ, ಎಂಜಿನ್ನಿನ ಮುಂಭಾಗಕ್ಕೆ ಟಾರ್ಚ್ ಬಿಟ್ಟರು. ಬಟ್ಟೆಯಿಂದ ಒರೆಸಿದರು. ಮತ್ತೆ ಒರೆಸಿದರು.

"ಸರ್, ಇಲ್ಲಿ ನಂಬರ್ ಎಲ್ಲಿ?"

ಅಲ್ಲಿರಬೇಕಾದ ಏಳು ಅಂಕಿ ಕಾರಿನ ನಂಬರಿಗೆ ತಾಳೆಯಾದರೆ ಮಾತ್ರ ಅದು ಆ ಕಾರಿನ ಜೊತೆ ಹುಟ್ಟಿದ ಎಂಜಿನ್ ಅಂತೆ. ನನ್ನ ಎಪ್ಪತ್ತನೇ ಹುಟ್ಟುಹಬ್ಬಕ್ಕೆಂದು ನೀನು ಎಂಜಿನ್ ಬಿಚ್ಚಿ, ಮೇಲ್ಮೈ ಹೆರೆದು ಮಟ್ಟ ಮಾಡಿಕೊಟ್ಟೆಯಲ್ಲ, ಅದರಲ್ಲಿ ಅಂಕಿಗಳೂ ಹೋಗಿವೆ. ಟ್ರಾಕ್ಟರ್ ಎಂಜಿನ್ನುಗಳ ರಿಪೇರಿಯಲ್ಲೇ ಬದುಕುವ ನಿನಗೆ ಈ ಜನರ ಅಂಕಿಯ ಹುಚ್ಚು ಹೇಗೆ ಗೊತ್ತಿರಬೇಕು?

"ಎಂಜಿನ್ ಅದೇ ಕಣಮ್ಮ, ಆಣೆ ಮಾಡ್ತೀನಿ," ಎಂದೆ.

"ನಾನು ನಂಬ್ತೀನಿ ಸರ್. ಆದ್ರೆ ಕೊಳ್ಳೋರು ನಿಮ್ಮ ಆಣೆಗೆ ದುಡ್ಡು ಕೊಡಲ್ಲ."

ಬೆಲೆ ಅರ್ಧಕ್ಕೆ ಇಳಿಯಿತು. ಅಮ್ಮ ಒಂದೂವರೆ ವರ್ಷ ಅಲ್ಲಿರಬಹುದಿತ್ತು. ಈಗ ಒಂಬತ್ತು ತಿಂಗಳು.

ಗೆಳೆಯ ಮರ್ಲ್ ಬಂದು ಕಿವಿಯಲ್ಲಿ ಊದಿದ: "ಲಾಯ್ಡ್, ನನ್ನ ಹತ್ರ ಅಂಕಿ ಹೊಡೆಯೋ ಹಳೇ ಅಚ್ಚು ಇದಾವೆ. ಹತ್ತು ನಿಮಿಷದ ಕೆಲಸ ಕಣೋ, ಹೊಡೆದುಬಿಡೋಣ." ನಂಬರ್ ನನಗೆ ಬಾಯಿಪಾಠ. ನಿಜವಾದ ನಂಬರನ್ನೇ ಹೊಡೆದರೂ ಅದು ಸುಳ್ಳೇ ಅಂತೆ. ಬೇಡ ಎಂದೆ. ಗುರುವಾರ ಕಾರು ಆ ಅರ್ಧ ಬೆಲೆಗೇ ಹೋಯಿತು. ಬರುವ ಜುಲೈನಲ್ಲಿ ಆ ದುಡ್ಡು ಮುಗಿದ ಮೇಲೆ ಅಮ್ಮನನ್ನು ಸರ್ಕಾರಿ ಆರೈಕೆ ಮನೆಗೆ ಸೇರಿಸಬೇಕು. ಅಲ್ಲಿ ಪ್ಯಾಟ್ರಿಸ್ ಇರುವುದಿಲ್ಲ.

ನಿನ್ನ ಅಣ್ಣ ಡೇಲ್ ಫೋನಿನಲ್ಲಿ ನಿನಗೆ ಹೇಳಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. "ಯಾವನು ಹೇಳಿದ್ದ ನಿಂಗೆ ಈ ಉಸಾಬರಿ ಮಾಡು ಅಂತ? ಅರ್ಧ ಕಾರು ತಿಂದುಹಾಕಿದೆ!" ಎಂದನಲ್ಲ. ಅಂದಿನಿಂದ ನೀನು ಈ ಕಡೆ ತಲೆಹಾಕಿಲ್ಲ. ಅಮ್ಮನಿಗೆ ಮುಖ ತೋರಿಸುವ ಯೋಗ್ಯತೆ ನಿನಗಿಲ್ಲವೆಂದು ಬರೆದಿದ್ದೀಯ. ಹಾಗೆಲ್ಲ ಬರೆಯಬೇಡ. ಭಾನುವಾರ ಬಂದುಬಿಡು.

ದೇವರು ನಿನ್ನ ಕೈಗಳನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಲಾಯ್ಡ್

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಎಂಜಿನ್ ಹೆರೆಯುವ ದಿನ ನೀನು ವರ್ಕ್‌ಶಾಪಿನಿಂದ ಫೋನ್ ಮಾಡಿದ್ದೆ. "ಅಪ್ಪಾ, ಅಂಚಲ್ಲಿ ಏನೋ ಅಂಕಿಗಳಿವೆ. ಹೆರೆದ್ರೆ ಹೋಗ್ತವೆ. ಏನ್ಮಾಡ್ಲಿ?" ನಾನು ಟೀವಿಯಲ್ಲಿ ಫುಟ್ಬಾಲ್ ನೋಡುತ್ತಿದ್ದೆ. "ಹೆರೆದುಹಾಕು, ಯಾರು ನೋಡ್ತಾರೆ," ಎಂದೆ. ನೀನು ಇದನ್ನು ಡೇಲ್‌ಗೆ ಹೇಳಲಿಲ್ಲ. ಅವನು ಫೋನಿನಲ್ಲಿ ನಿನ್ನನ್ನು ಬೈಯುವಾಗ ನಾನು ಅವನ ಎದುರಿಗೇ ಕೂತು ಕಾಫಿ ಕುಡಿಯುತ್ತಿದ್ದೆ. ನಾನೂ ಹೇಳಲಿಲ್ಲ.